ಬಚ್ಚಲ ಮಗ್ಗುಲಿನ ಒಂದು ಮೊಳ ನೆಲ

ಆ ಮನುಷ್ಯನ ಕಣ್ಣು ನೋಡಿದ ಕೂಡಲೇ ಇಲ್ಲ ಅಂದುಬಿಡಬೇಕಿತ್ತು. ಅನ್ನಲಿಲ್ಲ. ಮುಂದಿನದೆಲ್ಲ ಅದರಿಂದಲೇ ಆದದ್ದು.

ಚಕ್ಕಡಿ ಸವಣೂರಿನಿಂದ ಬಂದಿತ್ತು. ಯುಗಾದಿ ಮುಗಿದು ಎಂಟು ದಿನ ಆಗಿರಬೇಕು. ಯುದ್ಧದ ಕಾಲ, ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲುತ್ತಿದ್ದೆವು. ಚಕ್ಕಡಿಯಲ್ಲಿ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿ ಅವನನ್ನು ಮಲಗಿಸಿದ್ದರು. ವೀಳ್ಯದೆಲೆ ತೋಟದವನು, ವಯಸ್ಸು ಮೂವತ್ತರ ಒಳಗೆ. ಕಣ್ಣು ಅರಿಸಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಉಗುರು ಹಾಗೆಯೇ, ಅಂಗೈಯ ಗೆರೆಯೂ ಹಾಗೆಯೇ. ಅವನ ಹೆಂಡತಿ ಇಳಿದು ಬಂದು ಎಲೆ, ಅಡಿಕೆ, ತೆಂಗಿನಕಾಯಿಯನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟಳು. ಔಷಧಕ್ಕೆ ಬಂದವರು ಹಾಗೆ ಇಟ್ಟೇ ಕೇಳಬೇಕು.

“ಕಾಮಣಿ ಔಷಧ ಕೊಡೋ ಅವ್ವಾರ ಮನಿ ಇದ ಏನ್ರಿ?”

ಮನೆ ಇದೇ. ಕೊಡುವವಳು ಮಾತ್ರ ನಾನಲ್ಲ, ನಮ್ಮ ಅತ್ತೆ. ಬಂಕಾಪುರದ ಹತ್ತಿರದ ನಮ್ಮ ಹಳ್ಳಿಗೆ ಹಾನಗಲ್ಲಿನಿಂದ, ಹಿರೇಕೆರೂರಿನಿಂದ, ಆಚೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದದ್ದು ಅವಳ ಕೈಗಾಗಿ. ಆದರೆ ಇಪ್ಪತ್ತು ದಿನದ ಹಿಂದೆ ಅವಳಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ನಾಲಿಗೆಯೂ ಹೋಗಿತ್ತು. ಎಡಗೈಯೊಂದು ಆಡುತ್ತಿತ್ತು. ಕಣ್ಣು ಮೊದಲಿಗಿಂತ ಚುರುಕಾಗಿದ್ದವು.

ನಮ್ಮ ಮನೆಯವರು ಕೊಟ್ಟಿಗೆಯ ಕಡೆಯಿಂದ ಬಂದು, “ಅವ್ವಗ ಆರಾಮಿಲ್ರಿ, ಔಷಧ ನಿಂತೈತಿ” ಎಂದು ಹೇಳಲಿಕ್ಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಾನು ಬಾಗಿ ತೆಂಗಿನಕಾಯಿ ಎತ್ತಿಕೊಂಡುಬಿಟ್ಟೆ. ಕಾಯಿ ಎತ್ತಿದರೆ ಒಪ್ಪಿಕೊಂಡ ಹಾಗೆ. ಮತ್ತೆ ಕೆಳಗಿಡುವ ಪದ್ಧತಿ ಇಲ್ಲ.

ನನಗೆ ಗೊತ್ತಿದೆ ಎಂದು ನಾನು ನಂಬಿದ್ದೆ. ಆರು ವರ್ಷ ಕದ್ದು ನೋಡಿದ್ದೆ. ಅತ್ತೆ ಔಷಧದ ಗಿಡದ ಹೆಸರನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೆಸರು ಬಾಯಿಗೆ ಬಂದರೆ ಗುಣ ಹೋಗುತ್ತದೆ, ಸಾಯುವ ಮುಂದೆ ಒಬ್ಬರ ಕಿವಿಯಲ್ಲಿ ಒಂದೇ ಸಲ ಹೇಳಬೇಕು. ಅವಳಿಗೆ ಅವಳ ಅತ್ತೆ ಹೇಳಿದ್ದೂ ಹಾಗೆಯೇ. ನಸುಕಿನಲ್ಲಿ ಎದ್ದು, ಯಾರ ಸಂಗಡಲೂ ಮಾತಾಡದೆ, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ತರುತ್ತಿದ್ದಳು. ಬಾಗಿಲು ಹಾಕಿಕೊಂಡು ಕಲಬತ್ತಿನಲ್ಲಿ ಕುಟ್ಟುತ್ತಿದ್ದಳು. ಆದರೆ ಸೆರಗಿನ ಅಂಚಿನಿಂದ ಒಂದು ಎಲೆ ಇಣುಕುತ್ತಿತ್ತು, ಲಕ್ಕಿ ಸೊಪ್ಪು. ಕುಟ್ಟಿದ ಮೇಲೆ ಕಲಬತ್ತನ್ನು ತೊಳೆಯುವವಳು ನಾನು. ಮೂಸಿ ನೋಡಿದರೆ ಅದೇ ಲಕ್ಕಿಯ ಘಾಟು. ಸಿಕ್ಕಿತು ಮುದುಕಿಯ ಗುಟ್ಟು ಎಂದು ಒಳಗೊಳಗೇ ಹಿಗ್ಗಿದ್ದೆ.

ನಾನು ಹಂಸಭಾವಿಯ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನಾಲ್ಕು ಜನರ ಮುಂದೆ ಅಂದಿದ್ದಳು: “ಹಂಸಭಾವಿಯಿಂದ ಕಣ್ಣ ತಂದಾಳ, ಕೈ ಅಲ್ಲೇ ಬಿಟ್ಟ ಬಂದಾಳ.” ಆ ಮಾತು ಆರು ವರ್ಷ ನನ್ನ ಹೊಟ್ಟೆಯಲ್ಲಿ ಕೂತಿತ್ತು. ತೆಂಗಿನಕಾಯಿ ಎತ್ತಿದ್ದು ಅದೇ.

ಮೂರು ದಿನದ ಔಷಧ ಅದು. ರೋಗಿ ನಮ್ಮ ಪಡಸಾಲೆಯಲ್ಲೇ ಇರಬೇಕು. ಎಣ್ಣೆ, ಉಪ್ಪು, ಖಾರ, ಒಗ್ಗರಣೆ ಯಾವುದೂ ಕೂಡದು. ಮಜ್ಜಿಗೆ ಅನ್ನ, ಇಲ್ಲವೆ ಸಪ್ಪೆ ರೊಟ್ಟಿ. ಬೆಳಗಿನ ಬರಿಹೊಟ್ಟೆಯಲ್ಲಿ ಅಡಿಕೆ ಗಾತ್ರದ ಉಂಡೆಯನ್ನು ಆಡಿನ ಹಾಲಿನಲ್ಲಿ ಕಲಸಿ ಕುಡಿಸುವುದು. ಗುಣ ನೋಡಲಿಕ್ಕೆ ಅತ್ತೆಯದೊಂದು ರೀತಿ ಇತ್ತು. ಹಳೆಯ ಬಿಳಿ ಧೋತರದಿಂದ ಬೆರಳಗಲದ ಪಟ್ಟಿ ಹರಿದು, ರೋಗಿಯ ಬೆಳಗಿನ ಉಚ್ಚೆಯಲ್ಲಿ ಅದ್ದಿ, ಪಡಸಾಲೆಯ ಹಗ್ಗಕ್ಕೆ ಒಣ ಹಾಕುವುದು. ದಿನಕ್ಕೊಂದು ಪಟ್ಟಿ, ಒಂದರ ಮಗ್ಗುಲಲ್ಲಿ ಒಂದು. ಹಳದಿ ಇಳಿಯುತ್ತ ಬಂದರೆ ಸರಿ.

ಮೊದಲ ದಿನ ಹಳ್ಳದ ದಂಡೆಯಿಂದ ಲಕ್ಕಿ ಸೊಪ್ಪು ತಂದು ಕುಟ್ಟಿ ಕುಡಿಸಿದೆ. ರೋಗಿ ಕುಡಿದು ಮುಖ ಹಿಂಡಿದ.

“ಅಕ್ಕಾರ, ಇದನ್ನ ಕುಡಿಯೂದಕ್ಕಿಂತ ಕಾಮಣೀನ ಚಲೋ ಇತ್ತರಿ.”

“ಮಾತಾಡಬ್ಯಾಡ್ರಿ, ಮಲಕೋರಿ” ಅಂದೆ.

ಎರಡನೆಯ ದಿನದ ಪಟ್ಟಿ ಮೊದಲನೆಯದಕ್ಕಿಂತ ಕಡು ಹಳದಿ. ಒದ್ದೆ ಇದೆ, ಒಣಗಿದರೆ ತಿಳಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಣಗಿತು, ಆಗಲಿಲ್ಲ. ಆವತ್ತು ಅವನು ಕುಡಿದದ್ದನ್ನು ಕಕ್ಕಿದ. ಮೈಯೆಲ್ಲ ತುರಿಸಿಕೊಳ್ಳುತ್ತಿದ್ದ. ತಮಾಷೆ ನಿಂತಿತು.

ಮಧ್ಯಾಹ್ನ ಹೆಂಡತಿ ನನ್ನನ್ನು ಬಾಗಿಲ ಹಿಂದೆ ಕರೆದಳು. “ಅಕ್ಕಾರ, ನಮ್ಮ ಬಾವಾರು ಕುಡಗೋಲು ಕಾಸಿ ಬರಿ ಹಾಕಸೂಣು ಅಂತ ಹಟ ಹಿಡದಾರ. ಇವರ ಒಲ್ಲೆ ಅಂದಿದ್ದಕ್ಕ ಇಲ್ಲಿಗೆ ಬಂದೇವಿ. ಗುಣಾ ಕಾಣದಿದ್ರ ಮನಿಗೆ ಹೋದ ಮ್ಯಾಲ ಅವರ ಬಿಡಂಗಿಲ್ಲ. ಇವರ ಮೈಯಾಗ ಬರಿ ತಡಕೊಳ್ಳೂ ಶಕ್ತಿ ಇಲ್ರಿ. ಔಷಧ ಸರಿ ಐತಲ್ರಿ?”

“ಸರಿ ಐತಿ” ಅಂದೆ. ಸುಳ್ಳು ಎಂದು ಆಗ ಅರ್ಧ ಗೊತ್ತಿತ್ತು.

ಅವಳು ಅತ್ತ ಹೋದ ಮೇಲೆ ಒಂದು ಮೊರ ತೆಗೆದುಕೊಂಡೆ. ಹಿತ್ತಲಲ್ಲಿ, ಬದುವಿನಲ್ಲಿ, ಹಳ್ಳದಲ್ಲಿ ಹಸಿರು ಕಂಡದ್ದನ್ನೆಲ್ಲ ಕಿತ್ತು ಹಾಕಿದೆ. ಬೇಸಿಗೆ, ಹೆಚ್ಚೇನೂ ಸಿಗಲಿಲ್ಲ. ಹದಿನಾಲ್ಕು ನಮೂನೆ ಆಯಿತು. ಅತ್ತೆಯ ಹಾಸಿಗೆಯ ಮುಂದೆ ಮೊರ ಇಟ್ಟು ಒಂದೊಂದೇ ಎತ್ತಿ ತೋರಿಸಿದೆ.

“ಅತ್ತಿ, ಯಾವುದು? ಬಾಯಿಲೆ ಹೇಳೂದ ಬ್ಯಾಡ. ಕಣ್ಣ ಮುಚ್ಚು ಸಾಕು.”

ಅವಳು ಮುಖವನ್ನು ಗೋಡೆಯ ಕಡೆ ಹೊರಳಿಸಿಬಿಟ್ಟಳು.

“ಅಂವ ಸಾಯಾಕತ್ತಾನ. ಸಣ್ಣ ಹುಡುಗಿ ಅವನ ಹೇಂತಿ, ಹೊರಗ ಕುಂತಾಳ ನೋಡು.”

ಗೋಡೆಯ ಕಡೆಗೇ ಇದ್ದಳು. ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು. “ಮಣ್ಣಾಗ ಒಯ್ಯಾಕಿ ಏನ ಅದನ್ನ? ಒಯ್ಯಿ. ಅಲ್ಲಿ ಹುಳಕ್ಕ ಕಾಮಣಿ ಬರತೈತಿ, ಕೊಡು.”

ಅವಳ ಹೆಗಲು ಒಂದು ಸಲ ಅಲುಗಿತು. ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ನಾನು ಔಷಧ ಕುಡಿಸಲಿಲ್ಲ. ಬರಿ ಆಡಿನ ಹಾಲು ಕೊಟ್ಟು, ಇವತ್ತಿನದು ಹೀಗೇ ಎಂದೆ. ಹಗ್ಗದ ಮೇಲೆ ಮೂರು ಪಟ್ಟಿ. ಮೂರನೆಯದು ಬೆಲ್ಲದ ಬಣ್ಣಕ್ಕೆ ಬಂದಿತ್ತು. ಬಂದವರು ಹೋದವರು ಪಡಸಾಲೆಯ ಮುಂದೆ ನಿಂತು ನೋಡುತ್ತಿದ್ದರು. ನಮ್ಮ ಮನೆಯ ಪಟ್ಟಿ ಓದಲಿಕ್ಕೆ ಊರಿಗೆಲ್ಲ ಬರುತ್ತಿತ್ತು.

ಪಾತ್ರೆ ತಿಕ್ಕಲು ಹಿತ್ತಲಿಗೆ ಹೋದೆ. ಬಚ್ಚಲ ನೀರು ಹೊರಗೆ ಬೀಳುವ ಕಡೆ, ಗೋಡೆಯ ಮಗ್ಗುಲಲ್ಲಿ ಒಂದು ಮೊಳದಷ್ಟು ನೆಲ ಬರಿದಾಗಿತ್ತು. ಬರಿದು ಮಾಡಿದವಳು ನಾನು. ಅದನ್ನು ನೋಡುತ್ತಲೇ ಕೈಯೊಳಗಿನ ಬೂದಿ ಹಾಗೇ ನಿಂತಿತು.

ಆ ಮೊಳ ನೆಲಕ್ಕಾಗಿ ನಾನು ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಅಲ್ಲಿ ಕಸಬರಿಗೆ ಆಡಿಸಕೂಡದು, ಕೋಳಿ ಬಿಡಕೂಡದು, ಆಡು ಕಟ್ಟಕೂಡದು, ಬಿಸಿನೀರು ಚೆಲ್ಲಕೂಡದು. “ಅಲ್ಲಿ ಕೈ ಹಚ್ಚಿದ್ರ ಕೈ ಮುರಿತೇನಿ” ಅನ್ನುತ್ತಿದ್ದಳು. ಮುದುಕಿಯ ಹುಚ್ಚು ಎಂದುಕೊಂಡಿದ್ದೆ. ಬಚ್ಚಲ ಬಾಯಿಗೆ ಕಸ ಬೆಳೆದು ನಿಂತರೆ ಯಾವ ಸೊಸೆಗೆ ಸಹನೆಯಾಗುತ್ತದೆ? ಲಕ್ವಾ ಹೊಡೆದ ಮರುದಿನ ನಾನು ಆ ಮನೆಯಲ್ಲಿ ನನ್ನ ಮನಸ್ಸಿನಂತೆ ಮಾಡಿದ ಮೊದಲ ಕೆಲಸ ಅದು. ಖುರಪಿ ತೆಗೆದುಕೊಂಡು ಹೋಗಿ ಬುಡಸಹಿತ ಕೆತ್ತಿ, ಸಗಣಿ ಹಾಕಿ ಸಾರಿಸಿ, ಸೊಂಟದ ಮೇಲೆ ಕೈ ಇಟ್ಟು ನೋಡಿದ್ದೆ. ಚಂದ ಕಂಡಿತ್ತು.

ತಿಪ್ಪೆಗೆ ಓಡಿದೆ. ಇಪ್ಪತ್ತು ದಿನದ ಸಗಣಿ, ಬೂದಿ ಎಲ್ಲ ಮೇಲೆ ಬಿದ್ದಿತ್ತು. ಎರಡೂ ಕೈಯಿಂದ ಬಗೆದೆ. ಮೊಣಕೈ ತನಕ ಹೋಯಿತು. ಕೊನೆಗೆ ಒಂದು ಒಣ ಮುದ್ದೆ ಸಿಕ್ಕಿತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದು ಕಡ್ಡಿಯಲ್ಲಿ ಮಾತ್ರ ಎಲೆ ಉಳಿದಿತ್ತು, ಎಲೆಯ ಕೆಳಗೆ ಸಾಲಾಗಿ ಸಾಸಿವೆಯಂಥ ಕಾಯಿ. ಸಣ್ಣ ನೆಲನೆಲ್ಲಿ. ಹಂಸಭಾವಿಯಲ್ಲಿ ನಾವು ಹುಡುಗಿಯರು ಗೊಂಬೆಯ ಮದುವೆ ಮಾಡಿ ಅದರ ಕಾಯಿಯನ್ನು ಬೂಂದಿಕಾಳು ಎಂದು ಬಡಿಸುತ್ತಿದ್ದೆವು. ಆ ಮೊಳ ನೆಲದಲ್ಲಿ ಅದೊಂದೇ ಇತ್ತು. ಬೇರೆ ಹುಲ್ಲುಕಡ್ಡಿಯನ್ನು ಅವಳು ಉಳಿಸಿರಲಿಲ್ಲ. ಎಲ್ಲರ ಕಾಲ ಕೆಳಗೆ ಬೆಳೆಯುವ ಕಸ ಅದು, ಅದಕ್ಕೇ ಯಾರೂ ಅನುಮಾನಪಡಲಿಲ್ಲ. ಲಕ್ಕಿ ಸೊಪ್ಪಿನ ಘಾಟು ನನ್ನಂಥ ಕಳ್ಳ ಮೂಗಿಗೆ ಹಾಕಿದ ಗಾಳ. ಸೆರಗಿನಿಂದ ಇಣುಕಿದ ಎಲೆ ಕೂಡ ಬೇಕೆಂದೇ ಇಣುಕಿಸಿದ್ದು.

ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದೆ. ಕೈ ತೊಳೆಯಲಿಲ್ಲ. ಅತ್ತೆಯ ಕಣ್ಣಿನ ಮುಂದೆ ಹಿಡಿದೆ.

“ಇದ ಹೌದಿಲ್ಲೊ?”

ಅವಳು ಈ ಸಲ ಗೋಡೆಗೆ ಹೊರಳಲಿಲ್ಲ. ಕಡ್ಡಿ ನೋಡಿದಳು, ನನ್ನ ಕೈಗೆ ಹತ್ತಿದ ತಿಪ್ಪೆ ನೋಡಿದಳು. ಆಮೇಲೆ ಎಡಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದಳು. ಅರ್ಧ ಮೈ ಸತ್ತವಳ ಕೈ ಅನಿಸಲಿಲ್ಲ. ಕೆತ್ತಿದ್ದಕ್ಕೆ ಹೊಡೆದಳೋ, ಕಂಡುಹಿಡಿದದ್ದಕ್ಕೆ ಹೊಡೆದಳೋ, ನನಗೆ ಅಷ್ಟು ಸಾಕಾಗಿತ್ತು. ಸರಿಯಾದ ಗಿಡವೇ.

ಈಗ ಹಸಿಯದು ಬೇಕು. ಒಣ ಕಡ್ಡಿಯಲ್ಲಿ ಏನೂ ಉಳಿದಿರಲಿಲ್ಲ. ಅದು ಮಳೆಗಾಲದ ಗಿಡ. ಬೇಸಿಗೆಯಲ್ಲಿ ನೀರಿನ ಪಸೆ ಇದ್ದಲ್ಲಿ ಮಾತ್ರ ಉಳಿಯುತ್ತದೆ. ಬಿಸಿಲಿನಲ್ಲಿ ಹಳ್ಳದ ಎರಡೂ ದಂಡೆ ನಡೆದೆ. ಕೆರೆಯ ಅಂಗಳಕ್ಕೆ ಹೋದೆ, ನೆಲ ರೊಟ್ಟಿಯ ಹಾಗೆ ಬಿರಿದಿತ್ತು. ಬಂಕಾಪುರದ ಕೋಟೆಯ ಕಂದಕಕ್ಕೆ ಇಳಿದೆ. ಅಲ್ಲಿ ನವಿಲು ಕೆದರಿದ ಒಣ ಎಲೆ, ಹಾವಿನ ಪೊರೆ. ಹಸಿರು ಅನ್ನುವುದು ಲಕ್ಕಿಯೊಂದೇ. ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಅಂಗಾಲು ಬೊಬ್ಬೆ ಬಂದು ಮನೆಗೆ ಬಂದಾಗ ಹೆಂಡತಿ ಗಂಡನ ಬಾಯಿಗೆ ಚಮಚದಿಂದ ಮಜ್ಜಿಗೆ ಬಿಡುತ್ತಿದ್ದಳು. ಅರ್ಧ ಕಟಬಾಯಿಂದ ಕೊರಳ ಮೇಲೆ ಇಳಿಯುತ್ತಿತ್ತು.

ಅವಳ ಕೈ ನೋಡಿದೆ. ಎಲೆತೋಟದ ಹೆಂಗಸಿನ ಕೈ, ಉಗುರಿನ ಸಂದಿಯಲ್ಲಿ ಕಪ್ಪು ಕೆಸರಿನ ಗೆರೆ. ಚೈತ್ರದಲ್ಲೂ ಕೆಸರು. ಎಲೆಬಳ್ಳಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡಲೇಬೇಕು. ನೆರಳು, ತಂಪು, ಒದ್ದೆ ಮಡಿ.

ಕೇಳಬೇಕಾದರೆ ಗಿಡ ತೋರಿಸಬೇಕು. ತೋರಿಸಿದರೆ ಗುಣ ಹೋಗುತ್ತದೆ ಎಂದು ನಾನೂ ನಂಬಿದವಳೇ. ಜೊತೆಗೆ ಎರಡು ದಿನ ಕುಡಿಸಿದ್ದು ಏನು ಎಂಬುದೂ ಹೊರಬೀಳುತ್ತದೆ. ಸುಮ್ಮನಿದ್ದು ಕಳಿಸಿದರೆ ಅವನು ದಾರಿಯಲ್ಲೋ ಬರೆಯಿಂದಲೋ ಸಾಯುತ್ತಾನೆ. ದೈವ ಮುನಿಯಿತು ಎಂದು ಜನ ಅನ್ನುತ್ತಾರೆ, ನನ್ನ ಮೇಲೆ ಬರುವುದಿಲ್ಲ. ಕಂಬ ಹಿಡಿದು ನಿಂತು ಇಷ್ಟನ್ನೂ ಲೆಕ್ಕ ಹಾಕಿದೆ. ಮುಚ್ಚಿಡುವುದಿಲ್ಲ.

ಆಮೇಲೆ ಅವಳ ಮುಂದೆ ಕೂತು ಕಡ್ಡಿ ಹಿಡಿದೆ.

“ತಂಗಿ, ಈ ಕಸ ನಿಮ್ಮ ತೋಟದಾಗ ಐತೇನು?”

ಅವಳು ಕಡ್ಡಿಯನ್ನು ಹೊರಳಿಸಿ ನೋಡಿದಳು. “ಇದಾ? ಇದನ್ನ ಕಿತ್ತು ಕಿತ್ತು ನಮ್ಮ ಉಗುರ ಹೋಗ್ಯಾವ್ರಿ. ಇವತ್ತ ಕಿತ್ರ ನಾಳೆ ಬರತೈತಿ. ಯಾಕ್ರಿ?”

“ಇದ ನಿನ್ನ ಗಂಡನ ಔಷಧ. ನಾ ಮೊದಲ ಎರಡ ದಿನ ಕೊಟ್ಟಿದ್ದು ತಪ್ಪು. ನಿನ್ನೆ ನೀ ಕೇಳಿದಾಗ ಸುಳ್ಳ ಹೇಳಿದ್ನಿ. ನನಗ ಗೊತ್ತಿರಲಿಲ್ಲ, ಗೊತ್ತೈತಿ ಅಂದ್ನಿ.”

ಅವಳು ನನ್ನ ಕೆನ್ನೆಯ ಮೇಲಿನ ಬೆರಳಗುರುತು ನೋಡಿದಳು.

“ಅವ್ವಾರ ಹೊಡದ್ರೇನು?”

“ಹೂಂ.”

“ಚಲೋ ಆತು. ನನಗ ಆ ಕೆಲಸ ಉಳೀತು. ಏಳ್ರಿ, ಚಕ್ಕಡಿ ಹೂಡಸ್ತೇನಿ. ನೀವೂ ಬರ್ರಿ. ನಿಮ್ಮನ್ನ ಬಿಟ್ಟು ನಾ ಹೋಗಂಗಿಲ್ಲ.”

ಮಗ್ಗುಲ ಮನೆಯವಳಿಗೆ ಅತ್ತೆಯನ್ನು ಒಪ್ಪಿಸಿ ಹೊರಟೆ. ನಮ್ಮ ಮನೆಯವರು ತಡೆಯಲಿಲ್ಲ. “ಬರೂ ಮುಂದ ಮಂದಿಗೆ ತೋರಸೂ ಮುಖಾ ತೊಗೊಂಡ ಬಾ” ಅಂದರು, ಅಷ್ಟೇ. ದಾರಿ ಉದ್ದಕ್ಕೂ ರೋಗಿಯ ತಲೆ ನನ್ನ ತೊಡೆಯ ಮೇಲಿತ್ತು. ಗಾಲಿ ಕಲ್ಲು ಹತ್ತಿದಾಗಲೆಲ್ಲ ನರಳುತ್ತಿದ್ದ. ನರಳದಿದ್ದಾಗ ನಾನು ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ.

ಸವಣೂರಿಗೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ತೋಟದ ಮನೆಯ ಕಟ್ಟೆಯ ಮೇಲೆ ರೋಗಿಯ ಅಣ್ಣ ಕೂತಿದ್ದ. ಹೆಂಡತಿ ನಡೆದದ್ದೆಲ್ಲ ಹೇಳಿದಳು, ನನ್ನ ಸುಳ್ಳನ್ನೂ ಬಿಡಲಿಲ್ಲ. ಅವನು ನನ್ನ ಕಡೆ ನೋಡದೆ ಅಂದ:

“ಈಕಿ ತಪ್ಪ ಮಾಡಿ ಕಲಿಯೂದಕ್ಕ ನಮ್ಮ ಹುಡುಗನ ಸಿಕ್ಕನೇನು? ಐದ ದಿನಾ ನೋಡ್ತೇನಿ. ಆರನೇ ದಿನಾ ಕುಡಗೋಲು ಕಾಸ್ತೇನಿ.”

“ಕಾಸ್ರಿ. ಐದ ದಿನಾ ಮಾತ್ರ ಒಲಿ ಹತ್ರ ಹೋಗಬ್ಯಾಡ್ರಿ” ಅಂದೆ.

ಬೆಳಿಗ್ಗೆ ತೋಟದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಎಲೆಬಳ್ಳಿಯ ತೋಟದಲ್ಲಿ ಮೆಟ್ಟಿಕೊಂಡು ಯಾರೂ ನಡೆಯುವುದಿಲ್ಲ. ಹೊರಗೆ ಬೆಂಕಿಯಂಥ ಊರು, ಒಳಗೆ ಬಾವಿಗೆ ಇಳಿದಷ್ಟು ತಂಪು. ಮಡಿಯ ಅಂಚಿನಲ್ಲಿ, ಕಾಲುವೆಯ ಬದಿಯಲ್ಲಿ, ಬಳ್ಳಿಯ ಬುಡದಲ್ಲಿ ನೆಲನೆಲ್ಲಿ ಒತ್ತಾಗಿ ನಿಂತಿತ್ತು. ನಾನು ಅಲ್ಲೇ ಕೆಸರಿನಲ್ಲಿ ಕೂತೆ. ಅತ್ತೆ ಗಿಡಕ್ಕೆ ಏನು ಹೇಳಿ ಕೀಳುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನು ನನಗೆ ತೋಚಿದ್ದು ಹೇಳಿದೆ: “ನಿನ್ನ ಮನಿ ಕೆತ್ತಿದಾಕಿ ನಾನ. ಸಿಟ್ಟ ನನ್ನ ಮ್ಯಾಲ ಇಟಗೊ, ಅವನ ಮ್ಯಾಲ ಬ್ಯಾಡ.” ಬೇರುಸಹಿತ ಎರಡು ಹಿಡಿ ಕಿತ್ತೆ. ಸೆರಗು ಮುಚ್ಚಲಿಲ್ಲ. ಕಟ್ಟೆಯ ಮೇಲೆ ಎಲ್ಲರ ಮುಂದೆ ತೊಳೆದು ಅರೆದೆ. ಲಕ್ಕಿ ಹಾಕಲಿಲ್ಲ.

ಮೊದಲ ದಿನ ಅರ್ಧ ಕಕ್ಕಿದ. ಎರಡನೆಯ ದಿನ ಹೊಟ್ಟೆಯಲ್ಲಿ ನಿಂತಿತು. ಮನೆಯಿಂದ ತಂದ ಪಟ್ಟಿಗಳ ಮಗ್ಗುಲಲ್ಲೇ ಹೊಸ ಪಟ್ಟಿ ಕಟ್ಟುತ್ತ ಹೋದೆ. ಮೂರು ದಿನದ ಔಷಧ, ಆದರೆ ಮೂರನೆಯ ದಿನವೂ ಬೆಲ್ಲದ ಬಣ್ಣ; ನಿಲ್ಲಿಸದೆ ಮುಂದುವರಿಸಿದೆ. ನಾಲ್ಕನೆಯ ದಿನವೂ ಬೆಲ್ಲದ ಬಣ್ಣ. ಅವನು ಕಣ್ಣು ತೆರೆಯುವುದನ್ನೇ ಬಿಟ್ಟಿದ್ದ. ಗಿಡ ತೋರಿಸಿದ್ದಕ್ಕೆ ಗುಣ ಹೋಗಿದೆ ಎಂದು ನನ್ನ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಗಿಡ ಬದಲಿಸಲೇ, ಪ್ರಮಾಣ ಹೆಚ್ಚಿಸಲೇ ಎನಿಸಿತು. ಕೈ ಕಟ್ಟಿ ಕೂತೆ. ಅಡಿಕೆ ಗಾತ್ರ ಅಂದರೆ ಅಡಿಕೆ ಗಾತ್ರ. ಗೊತ್ತಿಲ್ಲದ ಕಡೆ ಕೈ ಹಾಕಿ ಒಮ್ಮೆ ಸುಟ್ಟುಕೊಂಡಾಗಿತ್ತು.

ಐದನೆಯ ದಿನದ ಪಟ್ಟಿಯನ್ನು ಅಣ್ಣ ತಾನೇ ಬಿಸಿಲಿಗೆ ಹಿಡಿದು ನೋಡಿದ. ನನಗೆ ಒಂದು ಕೂದಲೆಳೆ ತಿಳಿಯಾದಂತೆ ಕಂಡಿತು. ಅವನಿಗೆ ಕಾಣಲಿಲ್ಲ. ಆರನೆಯ ದಿನ ಮುಂಜಾನೆ, ನಾನು ಔಷಧ ಅರೆಯುತ್ತಿರುವಾಗಲೇ, ಅವನು ಕೆಂಡ ಮಾಡಿ ಕುಡುಗೋಲಿನ ತುದಿಯನ್ನು ಅದರೊಳಗೆ ಚುಚ್ಚಿದ. ಹೆಂಡತಿ ಗಂಡನ ಮೇಲೆ ಅಡ್ಡ ಬಿದ್ದಳು. ಅವನು ಅವಳನ್ನು ಎಳೆದು ತಮ್ಮನ ಕೈ ಹಿಡಿದ. ನಾನು ಕಲಬತ್ತಿನ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತೆ. ಏನು ಮಾಡಬೇಕೆಂದಿದ್ದೆನೋ ಈಗ ಹೇಳಲಾರೆ.

ಆಗ ರೋಗಿ ಕಣ್ಣು ತೆರೆದ. ಕುಡುಗೋಲು ನೋಡಿದ, ಅಣ್ಣನನ್ನು ನೋಡಿದ.

“ಯಣ್ಣಾ, ಹಾಕೂದಿದ್ರ ಆಮ್ಯಾಲ ಹಾಕೊ. ಮೊದಲ ಒಂದ ರೊಟ್ಟಿ ಕೊಡಸು. ಹೊಟ್ಟಿ ಹಸದೈತಿ.”

ನಮ್ಮ ಮನೆಗೆ ಬಂದಾಗಿನಿಂದ ಅವನು ಹಸಿವು ಅಂದಿರಲಿಲ್ಲ. ಕಾಮಣಿಯಲ್ಲಿ ಮೊದಲು ಸಾಯುವುದು ಹಸಿವು, ಮೊದಲು ತಿರುಗಿ ಬರುವುದೂ ಅದೇ. ಅಣ್ಣ ಕೈ ಬಿಟ್ಟ. ಕುಡುಗೋಲನ್ನು ನೀರಿನ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದಿತು.

“ಸಪ್ಪನ ರೊಟ್ಟಿ. ಉಪ್ಪ ಹಾಕಿದ್ರ ಈ ಕಲ್ಲಲೆ ಹೊಡಿತೇನಿ” ಅಂದೆ. ನನ್ನ ದನಿ ನನಗೇ ಅತ್ತೆಯ ದನಿಯ ಹಾಗೆ ಕೇಳಿಸಿತು.

ಹತ್ತನೆಯ ದಿನದ ಪಟ್ಟಿ ಹಾಲಿನ ಕೆನೆಯ ಬಣ್ಣಕ್ಕೆ ಬಂತು. ಅವನು ಔಷಧದಿಂದ ಉಳಿದನೋ, ಪಥ್ಯದಿಂದ ಉಳಿದನೋ, ಬರೆ ತಪ್ಪಿದ್ದರಿಂದ ಉಳಿದನೋ, ನಾನು ಆಣೆ ಮಾಡಿ ಹೇಳಲಾರೆ. ಉಳಿದ. ಆಮೇಲೆ ಬಹಳ ಮಂದಿಗೆ ಕೊಟ್ಟಿದ್ದೇನೆ, ಎಲ್ಲರೂ ಉಳಿಯಲಿಲ್ಲ. ಹೊಟ್ಟೆ ಉಬ್ಬಿ ಬಂದವರನ್ನು, ಬಸಿರಿಯರನ್ನು ನಾನು ಮುಟ್ಟದೆ ದವಾಖಾನೆಗೆ ಕಳಿಸುತ್ತಿದ್ದೆ. ಕಾಯಿ ಎತ್ತುವ ಮೊದಲು ಕಣ್ಣು ನೋಡುವುದನ್ನು ಆ ಬೇಸಿಗೆಯಲ್ಲಿ ಕಲಿತೆ.

ಹೊರಡುವಾಗ ಹೆಂಡತಿ ಏಳು ಗಿಡವನ್ನು ಬೇರಿನ ಮಣ್ಣುಸಹಿತ ಬಾಳೆಪಟ್ಟೆಯಲ್ಲಿ ಕಟ್ಟಿಕೊಟ್ಟಳು. “ನಮಗ ಕಸ ಕಡಿಮಿ ಆತು” ಅಂದಳು.

ಊರಿಗೆ ನನಗಿಂತ ಮೊದಲು ಸುದ್ದಿ ಬಂದಿತ್ತು. ಹಂಸಭಾವಿಯ ಕಡೆಯಿಂದ ಬಂದ ಸೊಸೆ ಔಷಧದ ಹೆಸರು ಹೊರಗೆ ಹಾಕಿದಳು, ಆ ಮನೆಯ ಗುಣ ಮುಗಿಯಿತು ಎಂದು. ಬಚ್ಚಲ ಮಗ್ಗುಲಿನ ಮೊಳ ನೆಲವನ್ನು ಅಗೆದು ಏಳನ್ನೂ ನೆಟ್ಟು ನೀರು ಹಾಕಿದೆ. ಮೂರು ದಿನಕ್ಕೆ ತಲೆ ಎತ್ತಿದವು.

ನಾಲ್ಕನೆಯ ದಿನ ಅತ್ತೆಯನ್ನು ಎತ್ತಿಕೊಂಡು ಹೋಗಿ ಅದರ ಮುಂದೆ ಕೂರಿಸಿದೆ. ಮೂಟೆಯಷ್ಟೇ ಭಾರ ಇದ್ದಳು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಚಾಚಿ ಒಂದು ಗಿಡವನ್ನು ಬುಡಸಹಿತ ಕಿತ್ತು ಹಿಂದಕ್ಕೆ ಒಗೆದಳು. ಇನ್ನೊಂದು ಕಿತ್ತಳು. ಮತ್ತೊಂದು. ಬೇರಿನ ಮಣ್ಣು ನನ್ನ ಮುಖಕ್ಕೆ ಸಿಡಿಯಿತು. ಇವಳ ಸಿಟ್ಟು ಸುಡುಗಾಡಿಗೆ ಹೋದರೂ ಇಳಿಯುವುದಿಲ್ಲ ಎಂದುಕೊಂಡು ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಅವಳ ಕೈ ತಾನೇ ನಿಂತಿತು. ನಾಲ್ಕು ಗಿಡ ಉಳಿದಿದ್ದವು. ಅವಳು ಅವನ್ನು ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು.

ಒಗೆದ ಮೂರನ್ನೂ ಆರಿಸಿ ತಂದು ಉಳಿದ ನಾಲ್ಕರ ಮಗ್ಗುಲಲ್ಲಿ ಹಿಡಿದೆ. ಒಗೆದವುಗಳ ದಂಟು ನಸುಗೆಂಪು, ಕಾಯಿ ಎಲೆಯ ದಂಟಿಗೆ ಅಂಟಿಕೊಂಡಿದ್ದವು. ಉಳಿದವುಗಳ ದಂಟು ಹಸಿರು, ಕಾಯಿಗೆ ಸಣ್ಣ ತೊಟ್ಟು. ಸವಣೂರಿನಲ್ಲಿ ನಾನು ಎರಡನ್ನೂ ಕೂಡಿಸಿ ಹತ್ತು ದಿನ ಅರೆದು ಕುಡಿಸಿದ್ದೆ.

“ಕೆಂಪು ಅಲ್ಲ, ಹಸರು” ಅಂದೆ.

ಅತ್ತೆ ಕಣ್ಣು ಮುಚ್ಚಿ ತೆರೆದಳು.